ಮೈಕಾಲ ಎಂದು ಬರೆಸಿದ ಊರು

ಈ ಊರಿನ ಹೆಸರು ಹೇಳುವುದೆಂದರೆ ನನಗೆ ಈಗಲೂ ಕಿರಿಕಿರಿ. ರೈಲಿನಲ್ಲಿ ಎದುರು ಕುಳಿತವರು ‘ಯಾವೂರು ನಿಮ್ಮದು’ ಎಂದು ಸುಮ್ಮನೆ ಕೇಳುತ್ತಾರೆ. ಮಂಗಳೂರು ಎಂದು ಹೇಳಿ ಕಿಟಕಿಯತ್ತ ತಿರುಗಿಬಿಡುತ್ತೇನೆ. ಆದರೆ ನಮ್ಮ ಕಡೆಯವರು ಯಾರಾದರೂ ಪಕ್ಕದಲ್ಲಿದ್ದರೆ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ತುಳುವರಿಗೆ ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಎಂಥ ಊರು ನೋಡಿ ಎಂದು ಅವರು ಹೆಮ್ಮೆಯಿಂದ ಎಣಿಸತೊಡಗುತ್ತಾರೆ. ಕೇಳುವವರಿಗೆ ಚಂದವೇ ಇರಬಹುದು. ನನಗೆ ಮಾತ್ರ ಎದ್ದು ಬೇರೆ ಡಬ್ಬಿಗೆ ಹೋಗೋಣ ಅನ್ನಿಸುತ್ತದೆ.

ನಮ್ಮ ಮನೆ ಬೋಳಾರದಲ್ಲಿ, ಹಂಚಿನ ಕಾರ್ಖಾನೆಯ ಹಿಂದಿನ ಓಣಿಯಲ್ಲಿತ್ತು. ನನ್ನ ತಂದೆಯನ್ನು ನಾನು ಬಾಪ ಎನ್ನುತ್ತಿದ್ದೆ. ಬಾಪನಿಗೆ ಬಂದರಿನಲ್ಲಿ ಹಗ್ಗದ ಅಂಗಡಿ. ಹಾಯಿ ಕಟ್ಟಿಕೊಂಡು ಸರಕು ಸಾಗಿಸುವ ಮಂಜಿಗಳಿಗೆ ತೆಂಗಿನ ನಾರಿನ ಹಗ್ಗ ಮಾರುವುದು ಕೆಲಸ. ಮನೆಯಲ್ಲಿ ಬಾಪ, ತಾಯಿ ಉಮ್ಮ, ಶಾಲೆಗೆ ಹೋಗುವ ಹುಡುಗಿಯಾಗಿದ್ದ ನಾನು, ಜೊತೆಗೆ ಬಾಪನ ಒಬ್ಬನೇ ತಮ್ಮ ಮತ್ತು ಅವನ ಹೆಂಡತಿ. ಚಿಕ್ಕಪ್ಪ ಬೊಂಬಾಯಿಯಿಂದ ಹೊರಡುವ ಸರಕು ಹಡಗುಗಳಲ್ಲಿ ಖಲಾಸಿ. ವರ್ಷದಲ್ಲಿ ಮುಕ್ಕಾಲು ಪಾಲು ನೀರಿನ ಮೇಲೆ, ಕಾಲು ಪಾಲು ನಮ್ಮ ಜಗಲಿಯ ಮೇಲೆ. ಚಿಕ್ಕಮ್ಮ ಮದುವೆಯಾಗಿ ಬಂದು ಮೂರು ವರ್ಷವಾಗಿತ್ತು, ಗಂಡನೊಡನೆ ಸಂಸಾರ ಮಾಡಿದ ದಿನಗಳನ್ನು ಕೂಡಿಸಿದರೆ ವರ್ಷವೂ ತುಂಬುತ್ತಿರಲಿಲ್ಲ. ಕರಾವಳಿಯ ಮುಸಲ್ಮಾನರಾದ ನಮ್ಮ ಮನೆಯ ಮಾತು ಬ್ಯಾರಿ ಭಾಷೆ. ಅದನ್ನು ಇಲ್ಲಿ ನನಗೆ ಬರುವ ಕನ್ನಡಕ್ಕೆ ತಂದಿದ್ದೇನೆ.

ಬಾಪ ವ್ಯಾಪಾರದಲ್ಲಿ ಮಾತು ಕಡಿಮೆಯ ಮನುಷ್ಯ. ಆದರೆ ಊರಿನ ಹುಟ್ಟಿನ ವಿಷಯ ಬಂದರೆ ಅವರನ್ನು ಹಿಡಿಯುವವರಿರಲಿಲ್ಲ. ನಮ್ಮ ಹಿರಿಯರ ಮೊದಲ ದೋಣಿ ಈ ಅಳಿವೆಗೆ ಬಂದಾಗ ಇಲ್ಲಿ ಗುಡಿಯೂ ಇರಲಿಲ್ಲ, ಇಗರ್ಜಿಯೂ ಇರಲಿಲ್ಲ, ಹಂಚಿನ ಒಂದು ಮಾಡೂ ಇರಲಿಲ್ಲವಂತೆ. ದೋಣಿಯಿಂದ ಇಳಿದವರ ಕಾಲು ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತು, ದಡ ಹತ್ತುವಾಗ ಕಾಡಿಗೆ ಬಳಿದ ಹಾಗೆ ಕಪ್ಪಾಗಿತ್ತಂತೆ. ಹಳೆಯ ಮಾತಿನಲ್ಲಿ ಮೈ ಎಂದರೆ ಕಾಡಿಗೆಯಂತೆ. ಕಾಡಿಗೆಯ ಕಾಲು, ಮೈಕಾಲು, ಮೈಕಾಲ. ಮಿಕ್ಕ ಹೆಸರುಗಳೆಲ್ಲ ಆಮೇಲೆ ಬಂದವರು ಇಟ್ಟದ್ದಂತೆ. ಇಷ್ಟು ‘ಅಂತೆ’ಗಳ ಮೇಲೆ ಬಾಪ ಒಂದು ಊರನ್ನೇ ನಿಲ್ಲಿಸಿದ್ದರು. ಅವರಿಗೆ ಇದನ್ನು ಹೇಳಿದವರು ಅವರ ಅಜ್ಜ. ಅಜ್ಜನಿಗೆ ಯಾರು ಹೇಳಿದರೆಂದು ಕೇಳಿದರೆ ಬಾಪನಿಗೆ ಸಿಟ್ಟು ಬರುತ್ತಿತ್ತು.

ಪಕ್ಕದ ಮನೆಯ ಯಜಮಾನರು ಕೊಂಕಣಿ ಮಾತಿನ ಕ್ರಿಶ್ಚಿಯನರು, ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಅಂಥ ಗೃಹಸ್ಥರನ್ನು ನಮ್ಮ ಕಡೆ ಪೊರ್ಬುಗಳು ಎಂದು ಗೌರವದಿಂದ ಕರೆಯುವುದು ರೂಢಿ. ಸಂಜೆ ಅವರು ಪೇಪರು ಮಡಚಿಕೊಂಡು ನಮ್ಮ ಜಗಲಿಗೆ ಬಂದು ಕೂರುವುದು, ಬಾಪ ಊರು ಕಟ್ಟುವುದು, ಅವರು ಕೆಡವುವುದು, ಇದು ನಡೆದೇ ಇತ್ತು.

“ಅಲ್ಲ ಬ್ಯಾರಿಗಳೇ, ನಿಮ್ಮ ಊರಿಗೆ ಮೈ ಉಂಟು, ಕಾಲು ಉಂಟು. ತಲೆ ಎಲ್ಲಿ ಮಾರಾಯ್ರೇ?”

“ತಲೆ ನಿಮ್ಮ ಹತ್ರ ಇರಲಿ ಪೊರ್ಬುಗಳೇ. ಮೊದ್ಲು ಕಾಲಿಟ್ಟದ್ದು ಯಾರು, ಅಷ್ಟು ಹೇಳಿ.”

“ನಮಗೆ ಅದೆಲ್ಲ ಎಂತಕ್ಕೆ? ನಮ್ಮವರು ಗೋವೆಯಿಂದ ಓಡಿ ಬಂದವರು. ಬರುವಾಗ ಊರಿತ್ತು, ಬಾಗಿಲು ತೆರೆದಿತ್ತು, ಒಳಗೆ ಬಂದೆವು.”

“ನಾವು ಬರುವಾಗ ಬಾಗಿಲೇ ಇರ್ಲಿಲ್ಲ,” ಎನ್ನುತ್ತಿದ್ದರು ಬಾಪ.

ಇದು ತಮಾಷೆಯಾಗಿಯೇ ಉಳಿದಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ. ಒಂದು ದಿನ ಬಂದರಿನಲ್ಲಿ ಹಗ್ಗದ ತೂಕದ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಎದುರಿನವನು ಎಲ್ಲರೆದುರು, “ನಿಮಗೆ ಪಾಕಿಸ್ತಾನ ಕೊಟ್ಟಾಗಿದೆಯಲ್ಲ, ಇಲ್ಲಿ ಎಂತ ಕೆಲ್ಸ ಇನ್ನು?” ಎಂದನಂತೆ. ಬಾಪ ಮನೆಗೆ ಬಂದು ಊಟ ಮಾಡಲಿಲ್ಲ. ಹೇಳಿದವನು ಮರುದಿನ ಮರೆತಿರಬೇಕು, ಅದೇ ಅಂಗಡಿಗೆ ಹಗ್ಗಕ್ಕೂ ಬಂದ. ಬಾಪ ಮರೆಯಲಿಲ್ಲ. ಅಲ್ಲಿಯವರೆಗೆ ಸಂಜೆಯ ಹರಟೆಯಾಗಿದ್ದ ಮೈಕಾಲ ಅಂದಿನಿಂದ ಅವರ ಎದೆಯಲ್ಲಿ ಮುಳ್ಳಾಗಿ ಕೂತಿತು. ಊರಿನಲ್ಲಿ ನೆಮ್ಮದಿಯಾಗಿ ಇರುವವನು ಊರು ನನ್ನದು ಎಂದು ಹೇಳಿಕೊಂಡು ತಿರುಗುವುದಿಲ್ಲ. ಇದು ನನಗೆ ಅರ್ಥವಾಗುವ ಹೊತ್ತಿಗೆ ಬಾಪ ಇರಲಿಲ್ಲ.

ಆ ಮಳೆಗಾಲದಲ್ಲಿ ಚಿಕ್ಕಪ್ಪ ರಜೆಗೆ ಬಂದ. ಅವನ ಹಡಗು ಆಫ್ರಿಕದ ಪಡುವಣ ದಡದಲ್ಲಿರುವ ಲಾಗೋಸ್ ಎಂಬ ದೊಡ್ಡ ಬಂದರಿಗೆ ಹೋಗಿ ಬಂದಿತ್ತು. ಚಿಕ್ಕಪ್ಪ ಕಥೆ ಹೇಳುವುದರಲ್ಲಿ ಜಾಣ, ಕೈಕಾಲು ಆಡಿಸಿ ಹೇಳುತ್ತಿದ್ದ. ನಮ್ಮ ಹಾಗೆಯೇ ಅಲ್ಲೂ ಅಳಿವೆ, ಮರಳ ದಿಬ್ಬ, ಹಿನ್ನೀರು, ತೆಂಗು. ಊರಿಗೆ ಬಿಳಿಯರ ಒಂದು ಹೆಸರು, ಅಲ್ಲಿಯವರ ಇನ್ನೊಂದು ಹೆಸರು. ಹಡಗಿನಿಂದ ದಡಕ್ಕೆ ಇವರನ್ನು ದಾಟಿಸುತ್ತಿದ್ದ ಒಬ್ಬ ದೋಣಿಯವನಿಗೂ ಚಿಕ್ಕಪ್ಪನಿಗೂ ಸಲಾಮಿನಿಂದ ಗೆಳೆತನವಾಯಿತಂತೆ. ಅವನು ನೂಪೆ ಎಂಬ ಜನ. ಅವರ ಸೀಮೆ ಎಷ್ಟೋ ದೂರ, ಒಳನಾಡಿನಲ್ಲಿ, ದೊಡ್ಡ ಹೊಳೆಯ ದಂಡೆಯಲ್ಲಿ. ಹಾಗಿದ್ದೂ ಅವನು ಹರಕು ಇಂಗ್ಲಿಷಿನಲ್ಲಿ, ಈ ಊರು ಹುಟ್ಟಿದ್ದೇ ನಮ್ಮಿಂದ ಎನ್ನುತ್ತಿದ್ದನಂತೆ. ನೂಪೆ ಬೆಸ್ತರು ಮೀನು ಹಿಡಿಯುತ್ತ ಹೊಳೆ ಇಳಿದು ಬಂದು ಈ ಮರಳಿನಲ್ಲಿ ಮೊದಲ ಗುಡಿಸಲು ಹಾಕಿದರಂತೆ. ರಾಜರು ಆಮೇಲೆ ಬಂದರು, ಬಿಳಿಯರು ಅದಕ್ಕೂ ಆಮೇಲೆ.

“ಬಂದರಿನ ಧಕ್ಕೆಯಲ್ಲಿ ಎಲ್ಲರೂ ನಗಾಡ್ತಾರೆ ಕಾಕ,” ಎಂದ ಚಿಕ್ಕಪ್ಪ. ನಮ್ಮಲ್ಲಿ ಕಾಕ ಎಂದರೆ ಅಣ್ಣ, ಅವನು ಬಾಪನನ್ನು ಹಾಗೆ ಕರೆಯುತ್ತಿದ್ದ. “ಅಲ್ಲಿಯವರು ಕೈ ತಟ್ಟಿ ಕೇಳ್ತಾರೆ, ‘ನಿನ್ನ ಮನೆ ಎಲ್ಲಿ, ಹೋಗ್ಲಿಕ್ಕೆ ಎಷ್ಟು ದಿನ’ ಅಂತ. ಅವ ಬಿಡುವುದೇ ಇಲ್ಲ. ಹುಟ್ಟು ಹಾಕಿಕೊಂಡೇ ಹೇಳ್ತಾನೆ.”

ಪೊರ್ಬುಗಳು ಪೇಪರನ್ನು ತೊಡೆಗೆ ಬಡಿದು ನಕ್ಕರು. “ಹಾಗಾದ್ರೆ ಲಾಗೋಸಿನಲ್ಲೂ ಒಬ್ಬರು ನಮ್ಮ ಬ್ಯಾರಿಗಳು ಇದ್ದಾರೆ ಅಂತಾಯ್ತು!”

ಎಲ್ಲರೂ ನಕ್ಕೆವು. ಒಳಗಿನಿಂದ ಚಿಕ್ಕಮ್ಮನ ನಗುವೂ ಕೇಳಿತು. ಬಾಪ ಮಾತ್ರ ನಗದೆ, ಆ ನೂಪೆಯವನ ಬಗ್ಗೆ ಮತ್ತೆ ಮತ್ತೆ ಕೇಳಿದರು. ಅವನಿಗೆ ಎಷ್ಟು ವಯಸ್ಸು, ಯಾರೆದುರು ಹೇಳಿದ, ಹೇಳುವಾಗ ದನಿ ತಗ್ಗಿಸಿದನೇ. ದನಿ ತಗ್ಗಿಸಲಿಲ್ಲ ಎಂದು ಚಿಕ್ಕಪ್ಪ ಹೇಳಿದ. ಬಾಪನ ಮುಖದಲ್ಲಿ ಎಷ್ಟೋ ಕಾಲದ ಮೇಲೆ ನೆಂಟರನ್ನು ಕಂಡ ಸಂತೋಷವಿತ್ತು. ಹೊಳೆಯನ್ನೂ ಕಡಲನ್ನೂ ದಾಟಿ, ಕಣ್ಣಿನಲ್ಲಿ ನೋಡದ ಒಬ್ಬ ದೋಣಿಯವನು ಅವರಿಗೆ ಸ್ವಂತ ತಮ್ಮನಿಗಿಂತ ಹತ್ತಿರದವನಾಗಿಬಿಟ್ಟ.

ಆ ಸಲ ಚಿಕ್ಕಪ್ಪ ಬೊಂಬಾಯಿಯಲ್ಲಿ, ಹೆಸರು, ಊರು, ಸಂಖ್ಯೆ ಬರೆದುಕೊಡುವ ಖಲಾಸಿಯ ಪುಸ್ತಕ ಹೊಸದಾಗಿ ಮಾಡಿಸಬೇಕಿತ್ತು. ಹಳೆಯದು ನೀರು ಕುಡಿದು ಅಕ್ಷರ ಅಳಿಸಿಹೋಗಿತ್ತು. ಹೊರಡುವ ಹಿಂದಿನ ದಿನ ಬಾಪ ಅವನನ್ನು ಜಗಲಿಯಲ್ಲಿ ಕೂರಿಸಿಕೊಂಡರು.

“ಆಫೀಸಿನಲ್ಲಿ ಊರು ಯಾವುದು ಅಂತ ಕೇಳ್ತಾರಲ್ಲ, ಮಂಗಳೂರು ಅನ್ಬೇಡ. ಮೈಕಾಲ ಅಂತ ಬರೆಸು.”

“ಅದೆಂತ ಕಾಕ, ಅವರಿಗೆ ತಿಳೀಬೇಕಲ್ಲ!”

“ತಿಳೀಲಿ. ಸರಕಾರದ ಪುಸ್ತಕದಲ್ಲಿ ಒಮ್ಮೆ ಬಿದ್ರೆ ಸಾಕು. ಆ ನೂಪೆಯವ ಪರರ ಊರಿನಲ್ಲಿ ನಿಂತು ಹೇಳ್ತಾನೆ. ನಾವು ನಮ್ಮ ಊರಿನಲ್ಲಿ ಇದ್ದುಕೊಂಡು ಬಾಯಿ ಮುಚ್ಚಿಕೊಳ್ಬೇಕಾ?”

ಚಿಕ್ಕಪ್ಪ ನಗುತ್ತ ಆಯಿತೆಂದ. ಬಾಪ ನಗಲು ಬಿಡಲಿಲ್ಲ, ತಮ್ಮದೇ ತಲೆಯ ಮೇಲೆ ಅವನ ಕೈ ಇಡಿಸಿ ಮಾತು ತೆಗೆದುಕೊಂಡರು. ಉಮ್ಮ ಒಳಗಿನಿಂದ, “ಇದೆಂತ ಹುಚ್ಚು ಇವರದ್ದು,” ಎಂದಳು. ಹುಚ್ಚೆಂದು ಎಲ್ಲರಿಗೂ ಗೊತ್ತಿತ್ತು. ಅಣ್ಣನ ಹುಚ್ಚಿಗೆ ತಮ್ಮ ಒಮ್ಮೆ ಒಪ್ಪಿಕೊಂಡರೆ ಯಾರ ಗಂಟು ಹೋಗುತ್ತದೆ ಎಂದು ಅವನಿಗೂ ಅನ್ನಿಸಿರಬೇಕು. ಅವನು ಹೋದ.

ಚಿಕ್ಕಪ್ಪನಿಗೆ ಓದುಬರಹ ಬರುತ್ತಿರಲಿಲ್ಲ. ಅವನ ಹಡಗಿನಲ್ಲಿ ದೇರೆಬೈಲಿನ ಕಡೆಯ ಒಬ್ಬ ಕ್ರಿಶ್ಚಿಯನ್ ಬಟ್ಲರ್ ಇದ್ದ. ಪ್ರತಿ ಬಂದರಿನಿಂದ ಚಿಕ್ಕಪ್ಪನ ಹೆಸರಿನಲ್ಲಿ ಅವನೇ ಕಾಗದ ಬರೆದು ಬಾಪನ ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದ. ಈ ಸಲ ಆ ಬಟ್ಲರನನ್ನು ಬೇರೆ ಹಡಗಿಗೆ ಹಾಕಿದರೆಂದು ಬೊಂಬಾಯಿಯಿಂದ ಬಂದ ಕಾಗದದಲ್ಲೇ ಇತ್ತು. ಅದೇ ಕೊನೆಯದು.

ನವೆಂಬರಿನಲ್ಲಿ ರಾಜ್ಯಗಳ ಗಡಿ ಬದಲಾಯಿತು. ಮದ್ರಾಸಿನವರಾಗಿ ಮಲಗಿದ ನಾವು ಮೈಸೂರಿನವರಾಗಿ ಎದ್ದೆವು. ಶಾಲೆಯಲ್ಲಿ ಮಿಠಾಯಿ ಹಂಚಿದರು. ಬಾಪ, “ಯಾರ್ಯಾರೋ ಗೆರೆ ಎಳೀತಾರೆ, ನಮ್ಮನ್ನು ಕೇಳಿದವರುಂಟಾ,” ಎಂದು ಗೊಣಗಿದರು. ಅದೇ ಸುಮಾರಿಗೆ ಸೂಯೆಜ್ ಕಾಲುವೆ ಮುಚ್ಚಿತು. ಪೊರ್ಬುಗಳು ಪೇಪರು ಓದಿ ಹೇಳುತ್ತಿದ್ದರು, ಹಡಗುಗಳೆಲ್ಲ ಸುತ್ತು ಹಾಕಿ ಬರುತ್ತಿವೆ, ಟಪಾಲೂ ತಡವಾಗುತ್ತದೆ ಎಂದು. ನಮಗೆ ಅದು ದೊಡ್ಡ ಸಮಾಧಾನವಾಯಿತು. ಕಾಗದ ಬರಲಿಲ್ಲವೇ, ಸೂಯೆಜ್. ಎರಡು ತಿಂಗಳಾಯಿತೇ, ಸೂಯೆಜ್. ಚಿಕ್ಕಮ್ಮ ಅದು ಯಾವುದೋ ಹೆಂಗಸಿನ ಹೆಸರು ಎಂಬಂತೆ, “ಆ ಸೂಯೆಜ್ ಯಾವಾಗ ದಾರಿ ಬಿಡ್ತಾಳೆ ಕೇಳು,” ಎಂದು ನನ್ನನ್ನು ಪಕ್ಕದ ಮನೆಗೆ ಕಳುಹಿಸುತ್ತಿದ್ದಳು.

ಬೇಸಗೆಯಲ್ಲಿ ಕಾಲುವೆ ತೆರೆಯಿತು. ಆಗ ನಮ್ಮ ಸಮಾಧಾನವೂ ಹೋಯಿತು. ಪೊರ್ಬುಗಳು ಬೊಂಬಾಯಿಯ ಆಫೀಸಿಗೆ ಇಂಗ್ಲಿಷಿನಲ್ಲಿ ಬರೆದರು. ಖಲಾಸಿಯ ಸಂಖ್ಯೆ ತಿಳಿಸಿ ಎಂದು ಉತ್ತರ ಬಂತು. ಸಂಖ್ಯೆ ಯಾರಿಗೆ ಗೊತ್ತು? ಅದು ಇದ್ದದ್ದು ಅವನ ಹೊಸ ಪುಸ್ತಕದಲ್ಲಿ. ಊರಿನ ಹೆಸರನ್ನು ಅಷ್ಟು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ ಬಾಪನಿಗೆ, ಪುಸ್ತಕ ಸಿಕ್ಕಿದ ಮೇಲೆ ಸಂಖ್ಯೆ ಬರೆಸಿ ಕಳುಹಿಸು ಎಂದು ಹೇಳಲು ತೋಚಿರಲಿಲ್ಲ.

ಉಪವಾಸದ ತಿಂಗಳು ಮುಗಿದು ಪೆರ್ನಾಲ್ ಹಬ್ಬ ಬಂತು. ಹಬ್ಬಕ್ಕೆ ಬರುತ್ತಾನೆ ಎಂದು ಚಿಕ್ಕಮ್ಮನಿಗೆ ಏನೋ ನಂಬಿಕೆ. ಯಾರೂ ಹಾಗೆ ಹೇಳಿರಲಿಲ್ಲ. ಹಿತ್ತಲಿನ ಗಿಡದಿಂದ ಮದರಂಗಿ ಕೊಯ್ದು, ಅರೆದು, ನನಗೂ ಇಟ್ಟು, ತಾನೂ ಎರಡು ಅಂಗೈ ತುಂಬ ಇಟ್ಟುಕೊಂಡಳು. ಬಣ್ಣ ಚೆನ್ನಾಗಿ ಹತ್ತಿತ್ತು. ಕೈ ತುಂಬ ಹಸಿರು ಬಳೆ. ಅವನು ಹಿಂದಿನ ಸಲ ತಂದಿದ್ದ ಪೌಡರಿನ ಡಬ್ಬಿಯನ್ನು ಅಂದು ಮೊದಲ ಸಲ ತೆರೆದಳು. ಉಮ್ಮ ಕೀಟಲೆ ಮಾಡಿದಾಗ ಮುಖ ಮುಚ್ಚಿಕೊಂಡು ನಕ್ಕಳು. ಅವಳು ಹಾಗೆ ನಗುವುದನ್ನು ನಾನು ಮತ್ತೆ ನೋಡಲಿಲ್ಲ.

ಮಳೆ ಶುರುವಾಗಿ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ಕೊಡೆ ಮಡಚಿಕೊಂಡು ಒಬ್ಬರು ನಮ್ಮ ಜಗಲಿ ಹತ್ತಿದರು. ಒಳ್ಳೆಯ ಬೂಟು, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ತಾವು ದೇರೆಬೈಲಿನ ಬಟ್ಲರ್ ಎಂದು ಹೇಳಿಕೊಂಡರು. ಬಾಪ ಊಟ ಮುಗಿಸಿ ಅಂಗಡಿಗೆ ಹೊರಟಿದ್ದವರು ಸಂಭ್ರಮದಿಂದ, “ಬನ್ನಿ ಬನ್ನಿ, ಅವ ಎಲ್ಲಿ, ಹಿಂದೆ ಬರ್ತಾ ಇದ್ದಾನಾ?” ಎಂದರು. ಚಿಕ್ಕಮ್ಮ ಒಳಗಿನಿಂದ ಬಾಗಿಲ ಸಂದಿಗೆ ಓಡಿ ಬಂದಳು. ಗಂಡನ ಪೆಟ್ಟಿಗೆಯನ್ನು ಅವಳು ಗುರುತಿಸಿದ್ದಳು. ಅದನ್ನು ಹೊತ್ತವನು ಬೇರೆಯವನೆಂಬುದನ್ನೂ ನೋಡಿದಳು.

ಬಟ್ಲರ್ ಕೂರಲಿಲ್ಲ. ನಿಂತೇ ಹೇಳಿದರು. ಅವರ ಹಡಗು ಬೊಂಬಾಯಿಗೆ ಬಂದಾಗ ಆಫೀಸಿನ ಗುಮಾಸ್ತ ಕರೆದು, “ನೀನು ಆ ಕಡೆಯವನಲ್ಲವಾ, ಮಲಬಾರಿನಲ್ಲಿ ಮೈಕಾಲ ಅಂತ ಊರುಂಟಾ? ನಮ್ಮ ಕಾಗದ ಎರಡು ಸಲ ವಾಪಸು ಬಂದಿದೆ,” ಎಂದು ಕೇಳಿದನಂತೆ. ಇವರು ನಕ್ಕು, “ಮಲಬಾರಿನಲ್ಲಿ ಎಲ್ಲಿಯದು ಮಾರಾಯ, ಅದು ನಮ್ಮ ಮಂಗಳೂರು, ಬ್ಯಾರಿಗಳು ಹಾಗೆ ಹೇಳುವುದು,” ಎಂದರಂತೆ. ಗುಮಾಸ್ತ ಲಕೋಟೆಯನ್ನು ತೋರಿಸಿದ. ಆಗ ಹೆಸರು ನೋಡಿದರಂತೆ.

ಚಿಕ್ಕಪ್ಪನಿಗೆ ಕಡಲಿನಲ್ಲೇ ಜ್ವರ ಹಿಡಿದಿತ್ತು. ಲಾಗೋಸಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿ ಹಡಗು ಮುಂದೆ ಹೋಯಿತು. ಕ್ರಿಸ್ಮಸ್ ಕಳೆದು ಎರಡು ದಿನಕ್ಕೆ ತೀರಿಕೊಂಡ. ಅಲ್ಲಿಯ ಮುಸಲ್ಮಾನರು ಮಯ್ಯತ್ತು ತೊಳೆದು ದಫನ ಮಾಡಿದರಂತೆ. ಬೊಂಬಾಯಿಯಲ್ಲಿ ಪುಸ್ತಕ ಮಾಡಿಕೊಟ್ಟವನು ಇವನು ಹೇಳಿದಂತೆ ಮೈಕಾಲ ಎಂದೇ ಬರೆದಿದ್ದ. ಟೊಪ್ಪಿಯನ್ನೂ ಮಾತಿನ ಧಾಟಿಯನ್ನೂ ನೋಡಿ ಮಲಯಾಳದ ಮಾಪಿಳ್ಳೆ ಮುಸಲ್ಮಾನನೆಂದು ತಿಳಿದು, ಜಿಲ್ಲೆ ಮಲಬಾರು ಎಂದು ತಾನೇ ಸೇರಿಸಿದ್ದ. ಸಾವಿನ ಸುದ್ದಿ ಹೊತ್ತ ಕಾಗದ ಮಲಬಾರಿನ ಅಂಚೆಕಚೇರಿಗಳನ್ನೆಲ್ಲ ಸುತ್ತಿ, ಅಂಥ ಊರು ಇಲ್ಲ ಎಂಬ ಮುದ್ರೆ ಹೊಡೆಸಿಕೊಂಡು ಹಿಂದಿರುಗಿತ್ತು.

“ಮಂಗಳೂರು ಅಂತ ಒಂದು ಮಾತು ಇದ್ದಿದ್ರೆ ಜನವರಿಯಲ್ಲೇ ನಿಮ್ಗೆ ಸಿಗ್ತಿತ್ತು,” ಎಂದರು ಬಟ್ಲರ್. ಅವರು ಒಳ್ಳೆಯ ಮನುಷ್ಯ, ಚುಚ್ಚಬೇಕೆಂದು ಹೇಳಿದ್ದಲ್ಲ. ಯಾಕೆ ಹಾಗೆ ಬರೆಸಿದ ಎಂದು ಅವರಿಗೆ ಗೊತ್ತಿರಲಿಲ್ಲ.

ಬಾಪ ಗೋಡೆ ಹಿಡಿದುಕೊಂಡು ಕುಳಿತರು. ಪೊರ್ಬುಗಳು ಓಡಿ ಬಂದು ಅವರ ಬೆನ್ನ ಮೇಲೆ ಕೈಯಿಟ್ಟು ಕೊಂಕಣಿಯಲ್ಲಿ ಏನೋ ಪ್ರಾರ್ಥನೆ ಹೇಳುತ್ತಿದ್ದರು. ನನಗೆ ಚಿಕ್ಕಪ್ಪ ಸತ್ತ ದುಃಖಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ಅದನ್ನು ಯಾಕೆ ಮುಚ್ಚಿಡಲಿ. ಆರು ತಿಂಗಳು ನಾವು ಸತ್ತವನಿಗೆ ದೀರ್ಘಾಯುಸ್ಸು ಬೇಡಿದ್ದೆವು. ಅವನ ಪಾಲಿನ ಪತ್ತಿರಿ ರೊಟ್ಟಿ ಎತ್ತಿಟ್ಟಿದ್ದೆವು. ಊರಿನ ಹುಟ್ಟನ್ನು ಹಿಡಿದು ಕೂತ ಮನೆಗೆ ತನ್ನವನ ಸಾವು ಗೊತ್ತಾಗಲಿಲ್ಲ. ಇದಕ್ಕಿಂತ ದೊಡ್ಡ ಹಾಸ್ಯ ಅಲ್ಲಾಹನಿಗೂ ತೋಚಲಾರದು ಎಂದು ನಾನು ಒಮ್ಮೆ ಅಂದು ಉಮ್ಮನಿಂದ ಪೆಟ್ಟು ತಿಂದಿದ್ದೇನೆ.

ಮರುದಿನ ಪಳ್ಳಿಯಿಂದ, ಎಂದರೆ ಮಸೀದಿಯಿಂದ, ಮುಸ್ಲಿಯಾರರು ಬಂದರು. ವಯಸ್ಸಾದವರು, ನನಗೆ ಕುರ್‌ಆನ್ ಕಲಿಸಿದವರು. ಫಾತಿಹಾ ಓದಿದ ಮೇಲೆ ಉಮ್ಮ ಪರದೆಯ ಈಚೆಯಿಂದ ಇದ್ದತ್ತಿನ ಮಾತು ತೆಗೆದಳು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಬಣ್ಣ, ಒಡವೆ, ಸುಗಂಧ ಬಿಟ್ಟು ಮನೆಯೊಳಗೆ ಕೂರುವುದು ನಮ್ಮಲ್ಲಿ ಇದ್ದತ್ತು. ಕಾನೂನು ಏನೇ ಇರಲಿ, ನಮ್ಮ ಹೆಂಗಸರಿಗೆ ಅದು ಅಳುವ ಕಾಲ. ಆ ದಿನಗಳಲ್ಲಿ ಯಾರೂ ಕೆಲಸ ಹೇಳುವುದಿಲ್ಲ. ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂರುತ್ತಾರೆ. ಉಮ್ಮ ಆಗಲೇ ಒಳಕೋಣೆ ಗುಡಿಸಿ ಚಾಪೆ ಹಾಸಿದ್ದಳು, ಬಿಳಿ ಸೀರೆ ತೆಗೆದಿಟ್ಟಿದ್ದಳು. ಚಿಕ್ಕಮ್ಮ ಬಳೆ ತೆಗೆದು ತಟ್ಟೆಯಲ್ಲಿ ಇಟ್ಟಿದ್ದಳು.

ಮುಸ್ಲಿಯಾರರು ತೀರಿಕೊಂಡ ದಿನ ಯಾವುದೆಂದು ಕೇಳಿದರು. ಬೆರಳು ಮಡಚಿ ಲೆಕ್ಕ ಹಾಕಿದರು. ಮತ್ತೊಮ್ಮೆ ಹಾಕಿದರು.

“ಇದ್ದತ್ತು ಕೂರ್ಲಿಕ್ಕಿಲ್ಲ ಮಗಳೇ,” ಎಂದರು. “ಅದು ಗಂಡ ತೀರಿದ ದಿನದಿಂದ ಶುರುವಾಗುವುದು, ಸುದ್ದಿ ಬಂದ ದಿನದಿಂದ ಅಲ್ಲ. ನಿನ್ನದು ಮುಗಿದಾಗಿದೆ.”



“ಯಾವಾಗ ಮುಗಿಯಿತು?” ಚಿಕ್ಕಮ್ಮ ಕೇಳಿದಳು.

“ಪೆರ್ನಾಲ್ ಕಳೆದು ಒಂದೆರಡು ದಿನಕ್ಕೆ.”

ಚಿಕ್ಕಮ್ಮ ತನ್ನ ಅಂಗೈ ನೋಡಿಕೊಂಡಳು. ಮದರಂಗಿಯ ಬಣ್ಣ ಎಂದೋ ಹೋಗಿತ್ತು, ಉಗುರಿನ ತುದಿಯಲ್ಲಿ ಮಾತ್ರ ಕೆಂಪು ಉಳಿದಿತ್ತು.

“ಹೀಗೇ ಕೂರ್ಬಹುದಾ ಉಸ್ತಾದ್? ನನ್ನ ಮನಸ್ಸಿಗೆ?”

“ಕೂತು ಎಂತ ಮಾಡುವುದು ಮಗಳೇ? ಕೂರ್ಬೇಕಾದ ದಿನ ದಾಟಿ ಹೋಯ್ತು. ನೀನು ಗೊತ್ತಿಲ್ಲದೆ ಉಟ್ಟದ್ದಕ್ಕೆ, ತೊಟ್ಟದ್ದಕ್ಕೆ ತಪ್ಪಿಲ್ಲ. ಇನ್ನು ನಿನಗೆ ಯಾವ ತಡೆಯೂ ಇಲ್ಲ.” ಅವರ ದನಿಯಲ್ಲಿ ಕರುಣೆಯಿತ್ತು. ಒಳ್ಳೆಯ ಸುದ್ದಿಯನ್ನೇ ಹೇಳುತ್ತಿದ್ದೇನೆ ಎಂದು ಅವರು ತಿಳಿದಿದ್ದರು.

ಚಿಕ್ಕಮ್ಮ ಎದ್ದಳು. ಗಂಡನ ಅಣ್ಣನೆದುರು ಹೋಗುವ ರೂಢಿ ನಮ್ಮಲ್ಲಿರಲಿಲ್ಲ, ಆದರೂ ಪರದೆ ಸರಿಸಿ ಜಗಲಿಗೆ ಹೋದಳು. ಬಾಪ ತಲೆ ತಗ್ಗಿಸಿ ಕುಳಿತಿದ್ದರು.

“ಭಾವ,” ಎಂದಳು, “ಸುದ್ದಿ ಜನವರಿಯಲ್ಲಿ ಬಂದಿದ್ರೂ ಅವರು ಬದುಕ್ತಿರ್ಲಿಲ್ಲ. ಅದು ನನಗೆ ಗೊತ್ತುಂಟು. ಆದ್ರೆ ಅಳ್ಲಿಕ್ಕೆ ನನಗೂ ದಿನ ಇತ್ತು. ಆ ದಿನ ಎಲ್ಲ ನಾನು ಬಳೆ ಹಾಕಿಕೊಂಡು ಕಳೆದೆ.”

ಆಮೇಲೆ ಒಳಗೆ ಬಂದು ಉಮ್ಮ ಹಾಸಿದ್ದ ಚಾಪೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿ, ಮಧ್ಯಾಹ್ನದ ಅಡುಗೆಗೆ ಅಕ್ಕಿ ತೊಳೆಯಲು ಬಾವಿಕಟ್ಟೆಗೆ ಹೋದಳು.